ಸ್ತ್ರೀ-ಪುರುಷ ಸಮಾನತೆ: ನಮ್ಮ ಸೀಮೆಯಲ್ಲಿ ನಡೆದು ಬಂದ ದಾರಿ

ಪ್ರತಿವರ್ಷ ಸಂಕ್ರಮಣದ ಹೊತ್ತಿಗೆ ನಮ್ಮ ಶಾಲೆಯಲ್ಲಿ ತಾಯಂದಿರಿಗಾಗಿ ಅರಿಷಿಣ-ಕುಂಕುಮದ ಸಮಾರಂಭ ನಡೆಯುತ್ತದೆ. ಎಳ್ಳು-ಬೆಲ್ಲ ಹಂಚುತ್ತೇವೆ, ಮಕ್ಕಳ ಅಭ್ಯಾಸದ ಬಗ್ಗೆ ನಾಲ್ಕು ಮಾತು ಆಡುತ್ತೇವೆ. ಕೆಲವು ವರ್ಷಗಳ ಹಿಂದೆ ಆಮಂತ್ರಣದ ಚೀಟಿ ಹಂಚಿದ ಮರುದಿನ ಒಂಬತ್ತನೆಯ ವರ್ಗದ ಒಬ್ಬ ಹುಡುಗಿ ತನ್ನ ಚೀಟಿಯನ್ನು ಹಿಂದಕ್ಕೆ ತಂದುಕೊಟ್ಟಳು. "ನಮ್ಮವ್ವ ಬರೂದಿಲ್ಲರಿ ಸರ್" ಎಂದಳು. "ಯಾಕವ್ವಾ?" ಎಂದು ಕೇಳಿದೆವು. "ಆಕಿಗೆ ಇದು ನಡೆಯಂಗಿಲ್ಲರಿ" ಎಂದು ನೆಲ ನೋಡುತ್ತ ನಿಂತಳು. ಅವಳ ತಂದೆ ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಪಾಲಕರ ಸಭೆಗೆ ಒಂದೂ ಸಲ ತಪ್ಪದೆ ಬರುತ್ತಿದ್ದ ತಾಯಿ ಅವಳು. ಸಭೆಗೆ ಬರಬಹುದು, ಎಳ್ಳು-ಬೆಲ್ಲಕ್ಕೆ ಬರಬಾರದು! ಆ ಚೀಟಿಯಲ್ಲಿ 'ಸುವಾಸಿನಿಯರು' ಎಂದು ಅಚ್ಚು ಹಾಕಿಸಿದವರು ಬೇರೆ ಯಾರೂ ಅಲ್ಲ, ನಾವೇ. ನೀತಿಪಾಠ ಹೇಳುವ ನಮಗೆ ಅದರಲ್ಲಿ ತಪ್ಪೇನೂ ಅಂದು ಕಂಡಿರಲಿಲ್ಲ. ಈ ಲೇಖನಕ್ಕೆ ಆ ಚೀಟಿಯೇ ಕಾರಣ.

ಸ್ತ್ರೀವಾದ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರು ಮುಖ ಸಿಂಡರಿಸುತ್ತಾರೆ. ಅದು ಪರದೇಶದಿಂದ ಬಂದ ಪದಾರ್ಥ, ಮನೆ ಒಡೆಯುವ ವಿಚಾರ, ಗಂಡಸರ ಮೇಲೆ ಹೂಡಿದ ಜಗಳ ಎಂಬ ತಿಳುವಳಿಕೆ ಉಂಟು. ಶಬ್ದವೇನೋ ಹೊರಗಿನದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದು, ಅಲ್ಲಿಂದ ಬೇರೆ ಭಾಷೆಗಳಿಗೆ ಹಬ್ಬಿ, ಕನ್ನಡಕ್ಕೆ ಬರುವಾಗ 'ಸ್ತ್ರೀವಾದ' ಎಂದು ಸಂಸ್ಕೃತದ ಉಡುಪು ತೊಟ್ಟುಕೊಂಡಿತು. ಅದರ ಅರ್ಥ ಮಾತ್ರ ಕಠಿಣವಾದದ್ದಲ್ಲ. ಹೆಣ್ಣಾಗಿ ಹುಟ್ಟಿದ್ದರಿಂದಲೇ ಒಬ್ಬ ಮನುಷ್ಯಳಿಗೆ ವಿದ್ಯೆ, ಆಸ್ತಿ, ಕೂಲಿ, ಮಾನ, ತನ್ನ ಬಾಳಿನ ಬಗ್ಗೆ ತಾನೇ ನಿರ್ಣಯಿಸುವ ಹಕ್ಕು ಇವುಗಳಲ್ಲಿ ಕಡಿಮೆ ಪಾಲು ಸಿಗಬಾರದು ಎಂಬುದೇ ಅದರ ತಿರುಳು.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ತಿಳಿದುಕೊಳ್ಳಬೇಕು. ಹೆಣ್ಣು-ಗಂಡುಗಳ ಶರೀರದಲ್ಲಿ ಪ್ರಕೃತಿಯೇ ಮಾಡಿದ ಭೇದ ಒಂದು. ಸಮಾಜ ತಾನಾಗಿ ಹಂಚಿಕೊಟ್ಟ ಕೆಲಸ, ಉಡುಪು, ನಡವಳಿಕೆಗಳ ಭೇದ ಇನ್ನೊಂದು. ಎರಡನೆಯದನ್ನು ನಾವು ಮೊದಲನೆಯದೆಂದೇ ನಂಬಿಬಿಡುತ್ತೇವೆ. ಅಡಿಗೆ ಹೆಂಗಸಿನ ಹುಟ್ಟುಗುಣ ಎನ್ನುವವರು ಮದುವೆಮನೆಯ ಹಿತ್ತಲಿಗೆ ಹೋಗಿ ನೋಡಲಿ. ಸಾವಿರ ಜನರ ಅನ್ನದ ಹಂಡೆಯ ಮುಂದೆ ನಿಂತವರು ಹೆಚ್ಚಾಗಿ ಗಂಡಸರೇ. ಕೂಲಿ ಸಿಗುವಲ್ಲಿ ಅಡಿಗೆ ಗಂಡಸಿನ ಉದ್ಯೋಗ, ಕೂಲಿ ಇಲ್ಲದಲ್ಲಿ ಹೆಂಗಸಿನ ಧರ್ಮ! ಬಾಳಂತನ ಪ್ರಕೃತಿಯದು, ರೊಟ್ಟಿ ಬಡಿಯುವುದು ರೂಢಿಯದು.

ಈ ವಿಚಾರಕ್ಕೆ ನಾವು ಪರದೇಶಕ್ಕೆ ಕೈಚಾಚಬೇಕಾದ ಕಾರಣವೂ ಇಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಮಹಾದೇವಿಯೊಡನೆ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದರು. ಕಾಯಕದ ಅಕ್ಕಿಯನ್ನು ಅಗತ್ಯಕ್ಕಿಂತ ಹೆಚ್ಚು ಆಯ್ದುತಂದ ಗಂಡ ಮಾರಯ್ಯನಿಗೆ, ಅದನ್ನು ಅಲ್ಲಿಯೇ ಸುರಿದು ಬಾ ಎಂದು ಹೇಳಿದ ಆಯ್ದಕ್ಕಿ ಲಕ್ಕಮ್ಮ ನಮ್ಮವಳೇ. ಅಮೇರಿಕದ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಹೆಂಗಸರ ಹಕ್ಕುಗಳಿಗಾಗಿ ಮೊದಲ ಪರಿಷತ್ತು ಕೂಡಿದ್ದು 1848ರಲ್ಲಿ. ಅದೇ 1848ರಲ್ಲಿ ಪುಣೆಯಲ್ಲಿ ಜೋತೀರಾವ ಫುಲೆ ಮತ್ತು ಸಾವಿತ್ರೀಬಾಯಿಯವರು ಹುಡುಗಿಯರ ಶಾಲೆ ತೆರೆದರು. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿರಲಾರದು. ಎಲ್ಲಿ ನೋವಿದೆಯೋ ಅಲ್ಲಿ ಮದ್ದು ಹುಡುಕುವವರೂ ಹುಟ್ಟುತ್ತಾರೆ.

ಇನ್ನು ನಮ್ಮ ಸೀಮೆಗೆ ಬರೋಣ. ಪಂಚಗಂಗೆಯ ದಡದ ಕೊಲ್ಲಾಪುರ, ಇಚಲಕರಂಜಿ, ಹಿರಣ್ಯಕೇಶಿಯ ದಡದ ಗಡಹಿಂಗ್ಲಜ, ಇವು ನಮ್ಮ ಮಕ್ಕಳಿಗೆ ಸಂತೆ, ಆಸ್ಪತ್ರೆ, ಕಾಲೇಜುಗಳ ಊರುಗಳು. ಇಲ್ಲಿ ಹೆಂಗಸರು ಆಳಿದ ಇತಿಹಾಸವೇ ಇದೆ. ಛತ್ರಪತಿ ರಾಜಾರಾಮರು 1700ರಲ್ಲಿ ತೀರಿಕೊಂಡ ಮೇಲೆ ಔರಂಗಜೇಬನ ಸೈನ್ಯದೆದುರು ಏಳು ವರ್ಷ ಯುದ್ಧ ನಡೆಯಿಸಿದವಳು ಮಹಾರಾಣಿ ತಾರಾಬಾಯಿ. ಕೊಲ್ಲಾಪುರದ ಗಾದಿ ಸ್ಥಾಪಿಸಿದವಳೂ ಅವಳೇ. ಇಚಲಕರಂಜಿಯ ಜಹಗೀರನ್ನು 1745ರಲ್ಲಿ ಗಂಡ ವೆಂಕಟರಾವ ಘೋರ್ಪಡೆ ತೀರಿದ ಮೇಲೆ ಸುಮಾರು ನಾಲ್ಕು ದಶಕ ನೋಡಿಕೊಂಡವಳು ಅನುಬಾಯಿ, ಪೇಶ್ವೆ ಬಾಳಾಜಿ ವಿಶ್ವನಾಥನ ಮಗಳು. ಇಬ್ಬರೂ ವಿಧವೆಯರು ಎಂಬುದನ್ನು ಗಮನಿಸಬೇಕು. ಭಾಷಣಗಳಲ್ಲಿ ಈ ಹೆಸರುಗಳನ್ನು ಹೇಳಿ, 'ನಮ್ಮಲ್ಲಿ ಹೆಣ್ಣಿಗೆ ಮೊದಲಿನಿಂದಲೂ ಗೌರವವಿತ್ತು' ಎಂದು ಮುಗಿಸಿಬಿಡುವ ರೂಢಿ ಇದೆ. ನಮಗೆ ಅದು ಒಪ್ಪಿಗೆಯಿಲ್ಲ. ಒಬ್ಬ ರಾಣಿ ಆನೆಯ ಮೇಲೆ ಕುಳಿತ ಕಾಲದಲ್ಲಿಯೇ ಊರಿನ ಸಾವಿರ ಹೆಂಗಸರು ಕತ್ತಲೆಕೋಣೆಯಲ್ಲಿ ಕುಳಿತಿದ್ದರು. ರಾಣಿಗೆ ಸಿಕ್ಕದ್ದು ಗಾದಿಯ ಅಧಿಕಾರ, ಹೆಣ್ಣಿನ ಹಕ್ಕಲ್ಲ.

ಎಲ್ಲರಿಗೂ ಸೇರಿದ ಕೆಲಸ ಮೊದಲಾದದ್ದು ಶಾಲೆ ಮತ್ತು ಆಸ್ಪತ್ರೆಗಳಿಂದ. ಅಮೇರಿಕದಲ್ಲಿ 1886ರಲ್ಲಿ ವೈದ್ಯಕೀಯ ಪದವಿ ಪಡೆದ ಆನಂದೀಬಾಯಿ ಜೋಶಿಯವರಿಗೆ ಮೊದಲು ಕೆಲಸ ಕೊಟ್ಟದ್ದು ಕೊಲ್ಲಾಪುರ ಸಂಸ್ಥಾನ. ಈಗ ನಾವು ಸಿ.ಪಿ.ಆರ್. ಆಸ್ಪತ್ರೆ ಎನ್ನುವ ಅಂದಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ಅವರ ನೇಮಕವಾಗಿತ್ತು. ಆದರೆ ಕ್ಷಯದಿಂದ ಬಳಲಿದ ಅವರು ಕೆಲಸಕ್ಕೆ ಹಾಜರಾಗುವ ಮೊದಲೇ, 1887ರ ಫೆಬ್ರುವರಿಯಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ಪುಣೆಯಲ್ಲಿ ತೀರಿಕೊಂಡರು. ಮುಂದೆ ಅದೇ ಆಸ್ಪತ್ರೆಯಲ್ಲಿ ಬಹುಕಾಲ ಸೇವೆ ಮಾಡಿದವರು ಡಾಕ್ಟರ್ ಕೃಷ್ಣಾಬಾಯಿ ಕೇಳವಕರ. ಅವರ ತಾಯಿ ರಖಮಾಬಾಯಿ ಕೇಳವಕರ ಸಂಸ್ಥಾನದ ಹೆಣ್ಣುಮಕ್ಕಳ ಶಾಲೆಗಳ ಅಧಿಕಾರಿಯಾಗಿದ್ದರು. ತಾಯಿ ಶಾಲೆ ನೋಡಿಕೊಂಡಳು, ಮಗಳು ಆಸ್ಪತ್ರೆ ನೋಡಿಕೊಂಡಳು. ಆ ಕಾಲದಲ್ಲಿ ಹೆಂಗಸರ ವೈದ್ಯೆ ಎಂದರೆ ಸಣ್ಣ ಮಾತಲ್ಲ. ಗಂಡು ವೈದ್ಯನಿಗೆ ನಾಡಿ ತೋರಿಸಲು ಒಪ್ಪದೆ ಎಷ್ಟೋ ಬಾಳಂತಿಯರು ಮನೆಯಲ್ಲಿಯೇ ಸಾಯುತ್ತಿದ್ದರು.

ಈ ಇಬ್ಬರಿಗೂ ಬೆಂಬಲವಾಗಿ ನಿಂತವರು ರಾಜರ್ಷಿ ಶಾಹೂ ಮಹಾರಾಜರು. 1894ರಲ್ಲಿ ಪಟ್ಟಕ್ಕೆ ಬಂದ ಅವರು 1902ರಲ್ಲಿ ಹಿಂದುಳಿದವರಿಗೆ ನೂರಕ್ಕೆ ಐವತ್ತು ನೌಕರಿ ಕಾಯ್ದಿಟ್ಟದ್ದನ್ನು ಇತಿಹಾಸದ ಪಾಠದಲ್ಲಿ ಓದಿದ್ದೀರಿ. ಅವರ ಸ್ತ್ರೀಪರ ಕಾಯದೆಗಳನ್ನು ಪಾಠದಲ್ಲಿ ಅಷ್ಟಾಗಿ ಹೇಳುವುದಿಲ್ಲ. 1917ರಿಂದ 1920ರ ವರೆಗಿನ ನಾಲ್ಕು ವರ್ಷಗಳಲ್ಲಿ ಪ್ರಾಥಮಿಕ ಶಿಕ್ಷಣ ಸಕ್ತಿಯಾಯಿತು, ವಿಧವೆಯ ಮರುಮದುವೆಗೆ ಮತ್ತು ಅಂತರ್ಜಾತೀಯ ವಿವಾಹಕ್ಕೆ ಕಾಯದೆಯ ಆಸರೆ ಸಿಕ್ಕಿತು, ಹೆಂಗಸರನ್ನು ಕ್ರೂರವಾಗಿ ನಡೆಯಿಸಿಕೊಳ್ಳುವುದು ಶಿಕ್ಷೆಗೆ ಗುರಿಯಾಯಿತು, ದೇವರಿಗೆ ಹೆಣ್ಣು ಬಿಡುವ ಪದ್ಧತಿಯ ವಿರುದ್ಧ ಕಾಯದೆ ಬಂತು. ಮನೆಯೊಳಗೆ ಹೆಂಡತಿಯನ್ನು ಹೊಡೆಯುವುದು ಸರಕಾರ ಕೇಳಬೇಕಾದ ವಿಷಯ ಎಂದು ಒಬ್ಬ ರಾಜ 1919ರಲ್ಲಿ ತಿಳಿದಿದ್ದ! ಮನೆಯ ಹಿಂಸೆಯಿಂದ ಹೆಂಗಸರನ್ನು ಕಾಯುವ ಪ್ರತ್ಯೇಕ ಕಾಯದೆ ಇಡೀ ದೇಶಕ್ಕೆ ಬಂದದ್ದು 2005ರಲ್ಲಿ.

ಆದರೆ ಮಹಾರಾಜರ ನಿಜವಾದ ಪರೀಕ್ಷೆ ನಡೆದದ್ದು ಅವರ ಅರಮನೆಯೊಳಗೆ. ಕಿರಿಯ ಮಗ ಶಿವಾಜಿ ಮಹಾರಾಜ 1918ರಲ್ಲಿ ಬೇಟೆಯ ಅಪಘಾತದಲ್ಲಿ ತೀರಿಕೊಂಡನು. ಹಿಂದಿನ ವರ್ಷವಷ್ಟೇ ಮದುವೆಯಾಗಿ ಬಂದಿದ್ದ ಸೊಸೆ ಇಂದುಮತಿದೇವಿಗೆ ಆಗ ಸುಮಾರು ಹನ್ನೆರಡು ವರ್ಷ. ಇಂದಿನ ಲೆಕ್ಕದಲ್ಲಿ ಆರು-ಏಳನೆಯ ವರ್ಗದ ಹುಡುಗಿ. ರಾಜಮನೆತನದ ರೂಢಿಯಂತೆ ಅವಳ ಉಳಿದ ಬಾಳೆಲ್ಲ ಪರದೆಯ ಹಿಂದೆ ಕಳೆಯಬೇಕಾಗಿತ್ತು. ಮಹಾರಾಜರು ಅರಮನೆಯವರ ಅಸಮಾಧಾನವನ್ನು ಲೆಕ್ಕಿಸದೆ ಅವಳನ್ನು ಊರ ಹೊರಗಿನ ಸೋನತಳಿಯಲ್ಲಿಟ್ಟು, ಜೊತೆಗೆ ಕಲಿಯಲು ಬೇರೆ ಹುಡುಗಿಯರನ್ನೂ ಕೂಡಿಸಿ, ಓದು ಬರಹ ಕಲಿಸಿದರು. ಮಗನನ್ನು ಕಳೆದುಕೊಂಡ ತಂದೆ ಸೊಸೆಯ ಮುಂದೆ ಪಾಟಿ-ಪುಸ್ತಕ ಇರಿಸಿದ ಆ ಚಿತ್ರ ನಮಗೆ ಅವರ ಎಲ್ಲ ಕಾಯದೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಆ ಹುಡುಗಿಯೇ ಮುಂದೆ ಇಂದುಮತಿ ರಾಣಿಸಾಹೇಬ ಎನಿಸಿ ಕೊಲ್ಲಾಪುರದಲ್ಲಿ ಸ್ತ್ರೀಶಿಕ್ಷಣದ ಸಂಸ್ಥೆಗಳನ್ನು ಕಟ್ಟಿದರು. ಮಹಾರಾಜರು 1922ರ ಮೇ 6ರಂದು ತೀರಿಕೊಂಡರು. ಈ ತಾರೀಖನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕಾಯದೆ ಬಂದಿತೆಂದರೆ ರೂಢಿ ಹೋಯಿತೆಂದು ಅರ್ಥವಲ್ಲ. ಇದಕ್ಕೆ ಗಡಹಿಂಗ್ಲಜದ ಕಥೆ ನೋಡಬೇಕು. ಮಾರ್ಗಶಿರ ಹುಣ್ಣಿಮೆ ಬಂತೆಂದರೆ ಕೊಲ್ಲಾಪುರದ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಎಸ್.ಟಿ. ಬಸ್ಸುಗಳು ಸಾಲುಸಾಲಾಗಿ ಹೊರಡುತ್ತವೆ. ಭಕ್ತಿಯ ಬಗ್ಗೆ ನಮ್ಮದೇನೂ ತಕರಾರಿಲ್ಲ. ಆದರೆ ಇದೇ ದಾರಿಯಲ್ಲಿ ಎಷ್ಟೋ ತಲೆಮಾರು ಬಡವರ, ಅದರಲ್ಲೂ ದಲಿತರ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ಜೋಗತಿಯರನ್ನಾಗಿ ಮಾಡಿದರು. ಕೂದಲು ಎಣ್ಣೆ-ನೀರು ಕಾಣದೆ ಗಂಟು ಬಿದ್ದರೆ ದೇವಿ ಕರೆದಳೆಂದು ಹೇಳುವುದು, ಆ ಹುಡುಗಿಯನ್ನು ದೇವರಿಗೆ ಬಿಡುವುದು, ಮುಂದೆ ಊರಿನ ಉಳ್ಳವರ ಕೈಗೆ ಅವಳು ಬೀಳುವುದು, ಕಡೆಗೆ ಮುಂಬಯಿಯ ಬೀದಿಗಳ ವರೆಗೆ ಅವಳ ದಾರಿ ಸಾಗುವುದು. ಜೋಗತಿಯನ್ನು 'ನಿತ್ಯ ಸುಮಂಗಲಿ' ಎನ್ನುತ್ತಿದ್ದರು. ವಿಧವೆಯ ಕುಂಕುಮವನ್ನು ಅಳಿಸಿದ ರೂಢಿಯೇ ಜೋಗತಿಯ ಹಣೆಗೆ ಅಳಿಸದ ಕುಂಕುಮ ಹಚ್ಚಿತು. ಒಬ್ಬಳು ಅಮಂಗಲೆ, ಇನ್ನೊಬ್ಬಳು ಎಂದೆಂದಿಗೂ ಮಂಗಲೆ. ಇಬ್ಬರಿಗೂ ಮನೆಯಿಲ್ಲ, ಆಸ್ತಿಯಿಲ್ಲ, ಆಯ್ಕೆಯಿಲ್ಲ.

ಶಾಹೂ ಮಹಾರಾಜರ ಕಾಯದೆ 1920ರದು. 1934ರಲ್ಲಿ ಮುಂಬಯಿ ಪ್ರಾಂತಕ್ಕೆ ಅಂಥದೇ ಕಾಯದೆಯಾಯಿತು. ಕರ್ನಾಟಕ 1982ರಲ್ಲಿ ಮಾಡಿತು, ಮಹಾರಾಷ್ಟ್ರ 2005ರಲ್ಲಿ ಮತ್ತೊಮ್ಮೆ ಮಾಡಿತು. ಒಂದೇ ರೋಗಕ್ಕೆ ನಾಲ್ಕು ಸಲ ಔಷಧದ ಚೀಟಿ ಬರೆಯಬೇಕಾಯಿತೆಂದರೆ ಚೀಟಿಯಷ್ಟರಿಂದ ಗುಣವಾಗಲಿಲ್ಲವೆಂದೇ ತಿಳಿಯಬೇಕು. ಈ ನಡುವೆ, 1975ರಲ್ಲಿ, ಮಹಾತ್ಮಾ ಫುಲೆ ಸಮತಾ ಪ್ರತಿಷ್ಠಾನದವರು ಡಾಕ್ಟರ್ ಬಾಬಾ ಆಢಾವ ಅವರ ಮುಂದಾಳುತನದಲ್ಲಿ ಗಡಹಿಂಗ್ಲಜದಲ್ಲಿ ದೇವದಾಸಿಯರ ಪರಿಷತ್ತು ಕೂಡಿಸಿದರು. ಗಡಹಿಂಗ್ಲಜದವರೇ ಆದ ಪ್ರಾಧ್ಯಾಪಕ ವಿಠ್ಠಲ ಬನ್ನೆಯವರು ಜೋಗತಿಯರ ಮತ್ತು ಅವರ ಮಕ್ಕಳ ಪುನರ್ವಸತಿಗಾಗಿ ದುಡಿದರು. 1975 ಎಂದರೆ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಸಾರಿ ಮೆಕ್ಸಿಕೋ ನಗರದಲ್ಲಿ ಜಗತ್ತಿನ ಹೆಂಗಸರ ಪರಿಷತ್ತು ನಡೆಯಿಸಿದ ವರ್ಷ. ಅಲ್ಲಿ ದೊಡ್ಡ ದೊಡ್ಡ ದೇಶಗಳ ಪ್ರತಿನಿಧಿಗಳು ಕೂಡಿದರು, ಇಲ್ಲಿ ಹಿರಣ್ಯಕೇಶಿಯ ದಡದಲ್ಲಿ ತಲೆಯ ಮೇಲೆ ಜಗ ಹೊತ್ತ ಜೋಗತಿಯರು ಕೂಡಿದರು. ಯಾವ ಪರಿಷತ್ತು ದೊಡ್ಡದೆಂದು ಕೇಳಿದರೆ ನಾವು ಉತ್ತರಕ್ಕೆ ತಡವರಿಸುವುದಿಲ್ಲ.

ಈ ಮಕ್ಕಳ ವಿಷಯದಲ್ಲಿ ಶಾಲೆಯವರಾದ ನಾವು ಒಂದು ಮಾತು ಒಪ್ಪಿಕೊಳ್ಳಬೇಕು. ಜೋಗತಿಯ ಮಗುವಿನ ಹೆಸರು ಹಚ್ಚಲು ಬಂದಾಗ ಮಾಸ್ತರರು ಮೊದಲು ಕೇಳುತ್ತಿದ್ದದ್ದು ತಂದೆಯ ಹೆಸರು. ಆ ಒಂದು ಪ್ರಶ್ನೆಗೆ ಹೆದರಿ ಶಾಲೆಯ ಮೆಟ್ಟಿಲಿನಿಂದಲೇ ಹಿಂದಿರುಗಿದ ಮಕ್ಕಳೆಷ್ಟೋ! ರಜಿಸ್ಟರಿನ ಒಂದು ಕಾಲಮು ಒಂದು ಜೀವದ ದಾರಿಗೆ ಅಡ್ಡ ಬಿದ್ದು ಮಲಗಿತ್ತು.

ದುಡಿಯುವ ಹೆಂಗಸಿನ ಕಥೆಗೆ ಇಚಲಕರಂಜಿಗಿಂತ ಒಳ್ಳೆಯ ಪುಸ್ತಕವಿಲ್ಲ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗ ಹೂಡಿದರು. ಮುಂದೆ ಅದು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ನಮ್ಮ ಕಡೆಯ ಎಷ್ಟೋ ಮನೆತನಗಳು ಮಗ್ಗದ ಸಪ್ಪಳವನ್ನು ನಂಬಿ ಅಲ್ಲಿಗೆ ಹೋಗಿ ನೆಲೆಸಿವೆ. ಆ ಗಲ್ಲಿಗಳಲ್ಲಿ ಒಮ್ಮೆ ನಡೆದು ನೋಡಿರಿ. ಮಗ್ಗದ ಮುಂದೆ ಗಂಡಾಳು ನಿಂತಿರುತ್ತಾನೆ, ಆ ಮಗ್ಗಕ್ಕೆ ಬೇಕಾದ ಕಾಂಡಿ ಸುತ್ತುವವಳು ಹೆಂಗಸು. ಮಗ್ಗ ನಡೆಯಿಸಿದವನು ನೇಕಾರ. ಕಾಂಡಿ ಸುತ್ತಿದವಳು 'ಕೈಗೆ ನೆರವಾದವಳು'. ಕೂಲಿಯ ಅಂತರ ಮೊದಲಾಗುವುದೇ ಈ ಹೆಸರಿನ ಅಂತರದಿಂದ. ಸಮಾನ ಕೆಲಸಕ್ಕೆ ಸಮಾನ ವೇತನ ಎಂದು 1976ರಲ್ಲಿ ಕಾಯದೆ ಬಂತು, 2019ರ ವೇತನ ಸಂಹಿತೆಯಲ್ಲೂ ಅದೇ ತತ್ವವನ್ನು ಸೇರಿಸಿದ್ದಾರೆ. ಆದರೆ ಕೆಲಸವೇ ಬೇರೆ ಎಂದು ಮೊದಲೇ ಹಂಚಿಬಿಟ್ಟರೆ ಸಮಾನ ವೇತನದ ಕಾಯದೆ ಯಾವ ಬಾಗಿಲಿನಿಂದ ಒಳಗೆ ಬರಬೇಕು? ಕಾಂಡಿಯಿಲ್ಲದೆ ಒಂದು ಗಜ ಬಟ್ಟೆಯೂ ಆಗದು ಎಂಬುದು ಮಾತ್ರ ಆ ಊರಿನ ಚಿಕ್ಕಮಕ್ಕಳಿಗೂ ಗೊತ್ತು.

ಹತ್ತಿರದ ನಿಪ್ಪಾಣಿಯಲ್ಲಿ ಹೆಂಗಸರು ಈ ಲೆಕ್ಕವನ್ನು ತಾವೇ ಕೇಳಿದರು. ಅಲ್ಲಿಯ ತಂಬಾಕಿನ ಕಾರಖಾನೆಗಳಲ್ಲಿ ಘಾಟು ಕುಡಿಯುತ್ತ ದುಡಿಯುತ್ತಿದ್ದ ಸಾವಿರಾರು ಹೆಂಗಸರು 1980ರ ಸುಮಾರಿಗೆ ಸಂಘ ಕಟ್ಟಿ ಹೋರಾಡಿದರು. ಅವರ ಬಗ್ಗೆ ಯುಗಾಂತರ ಎಂಬ ಮಹಿಳಾ ತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿತು. ಓದು ಬಾರದ ಆ ಹೆಂಗಸರಲ್ಲಿ ಸ್ತ್ರೀವಾದ ಎಂಬ ಶಬ್ದ ಕೇಳಿದವರು ಬಹಳ ಇರಲಿಕ್ಕಿಲ್ಲ. ಸಂಜೆ ತೂಕದಲ್ಲಿ ಮೋಸವಾದರೆ ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು.

ಮತದಾನದ ವಿಷಯದಲ್ಲಿ ನಾವು ಯುರೋಪಿಗೆ ಪಾಠ ಹೇಳಬಹುದು. ಬ್ರಿಟನ್ನಿನಲ್ಲಿ ಗಂಡಸರಷ್ಟೇ ಮತದ ಹಕ್ಕು ಹೆಂಗಸರಿಗೆ ಸಿಕ್ಕದ್ದು 1928ರಲ್ಲಿ, ಬಹುದೊಡ್ಡ ಹೋರಾಟದ ಮೇಲೆ. ಸ್ವಿಟ್ಜರ್ಲ್ಯಾಂಡಿನ ಹೆಂಗಸರು ದೇಶದ ಚುನಾವಣೆಯಲ್ಲಿ ಮತ ಹಾಕಲು 1971ರ ವರೆಗೆ ಕಾಯಬೇಕಾಯಿತು. ನಮ್ಮ ಅಜ್ಜಿಯಂದಿರು 1951-52ರ ಮೊದಲ ಚುನಾವಣೆಯಲ್ಲಿಯೇ ಸರತಿಯಲ್ಲಿ ನಿಂತರು. ಆದರೆ ಅದೇ ಚುನಾವಣೆಯಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಉತ್ತರ ಭಾರತದ ಅನೇಕ ಹೆಂಗಸರು ಪಟ್ಟಿ ಬರೆಯುವವರಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಯಿಸಿದರು. ಸ್ವಂತ ಹೆಸರಿಲ್ಲದೆ ಮತವಿಲ್ಲವೆಂದು ಚುನಾವಣಾ ಆಯೋಗ ಹಟ ಹಿಡಿದು ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಕಠೋರವೆನಿಸಿದರೂ ಆ ಹಟ ಸರಿಯಾಗಿತ್ತು. ಮುಂದಿನ ಚುನಾವಣೆಗಳಲ್ಲಿ ಹೆಸರು ಹೇಳುವುದು ರೂಢಿಯಾಯಿತು. 1993ರಿಂದ ಪಂಚಾಯತಿಗಳಲ್ಲಿ ಹೆಂಗಸರಿಗೆ ಮೂರನೆಯ ಒಂದು ಪಾಲು, 2011ರಿಂದ ಮಹಾರಾಷ್ಟ್ರದಲ್ಲಿ ಅರ್ಧ ಪಾಲು ಸ್ಥಾನ ಕಾಯ್ದಿಟ್ಟಿದ್ದಾರೆ. ಹೆಂಡತಿ ಸರಪಂಚಳಾದರೆ ಕುರ್ಚಿಯಲ್ಲಿ ಗಂಡ ಕೂಡುವ ತಮಾಷೆಯನ್ನೂ ನಾವೆಲ್ಲ ನೋಡಿದ್ದೇವೆ. ಆದರೂ ಗ್ರಾಮಸಭೆಯಲ್ಲಿ ಹೆಂಗಸರು ಬಾಯಿ ಬಿಟ್ಟು ಮಾತನಾಡಲು ಕಲಿತದ್ದು ಈ ಮೂವತ್ತು ವರ್ಷಗಳಲ್ಲಿಯೇ.

ಅದರ ಫಲ ಹೇರವಾಡದಲ್ಲಿ ಕಂಡಿತು. ಹೇರವಾಡ ಶಿರೋಳ ತಾಲೂಕಿನ ಒಂದು ಹಳ್ಳಿ, ಕುರುಂದವಾಡದ ಹತ್ತಿರ, ಇಚಲಕರಂಜಿಯಿಂದಲೂ ಬಹಳ ದೂರವಿಲ್ಲ. ಕೋವಿಡ್ ಬೇನೆ ಊರೂರಿನಲ್ಲಿ ಎಳೆಯ ವಯಸ್ಸಿನ ಗಂಡಸರನ್ನು ಒಯ್ದ ಕಾಲ ಅದು. ಸ್ಮಶಾನಕ್ಕೆ ಹೋಗಿಬಂದ ಮೇಲೆ ಮನೆಯಲ್ಲಿ ನಡೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಿರಿಯ ಹೆಂಗಸರೇ ಸುತ್ತುಗಟ್ಟಿ ಆ ಹುಡುಗಿಯ ಬಳೆ ಒಡೆಯುತ್ತಾರೆ, ಕುಂಕುಮ ಅಳಿಸುತ್ತಾರೆ, ತಾಳಿ ಹರಿಯುತ್ತಾರೆ, ಕಾಲುಂಗುರ ಎಳೆಯುತ್ತಾರೆ. ದುಃಖ ಗಂಟಲಲ್ಲಿರುವಾಗಲೇ ಅವಮಾನವನ್ನೂ ನುಂಗಬೇಕು. ಸೋಲಾಪುರ ಜಿಲ್ಲೆಯ ಕರಮಾಳೆಯ ಮಹಾತ್ಮಾ ಫುಲೆ ಸಮಾಜಸೇವಾ ಮಂಡಳದ ಪ್ರಮೋದ ಝಿಂಜಾಡೆಯವರು ಇದನ್ನು ನಿಲ್ಲಿಸಬೇಕೆಂದು ಪ್ರಚಾರ ಮಾಡುತ್ತಿದ್ದರು. ಹೇರವಾಡದ ಗ್ರಾಮಸಭೆ ಅದನ್ನು ಎತ್ತಿಕೊಂಡಿತು. ಒಬ್ಬ ಹೆಂಗಸು ಠರಾವು ಮಂಡಿಸಿದಳು, ಇನ್ನೊಬ್ಬಳು ಅನುಮೋದಿಸಿದಳು. ನಮ್ಮ ಊರಿನಲ್ಲಿ ಇನ್ನು ವಿಧವೆಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇಲ್ಲ ಎಂದು ಠರಾವಾಯಿತು. ತಾರೀಖು 2022ರ ಮೇ 4. ಶಾಹೂ ಮಹಾರಾಜರು ತೀರಿ ನೂರು ವರ್ಷ ತುಂಬಲು ಎರಡೇ ದಿನ ಉಳಿದಿದ್ದವು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ಎಲ್ಲ ಗ್ರಾಮ ಪಂಚಾಯತಿಗಳಿಗೂ ಹೇರವಾಡದ ಮಾದರಿ ಅನುಸರಿಸಲು ಸುತ್ತೋಲೆ ಕಳುಹಿಸಿತು. ಹಾತಕಣಂಗಲೆ ತಾಲೂಕಿನ ಮಾಣಗಾವಿಯೂ ಅಂಥ ಠರಾವು ಮಾಡಿತು.

ಠರಾವಿಗೆ ಕಾಯದೆಯ ಬಲವಿಲ್ಲ, ಬಳೆ ಒಡೆದವರಿಗೆ ಶಿಕ್ಷೆಯಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಅದು ನಿಜ. ಆದರೆ ಈ ರೂಢಿಗೂ ಯಾವ ಕಾಯದೆಯ ಬಲವಿತ್ತು? 'ಊರವರು ಏನೆಂದಾರು' ಎಂಬ ಅಂಜಿಕೆಯೇ ಅದರ ಬಲ. ಊರವರೇ ಕೂಡಿ 'ನಾವು ಏನೂ ಅನ್ನುವುದಿಲ್ಲ' ಎಂದು ಬರೆದುಕೊಟ್ಟರೆ ಅಂಜಿಕೆಯ ಬೇರು ಸಡಿಲವಾಗುತ್ತದೆ. ಮಹಾರಾಜರ ಕಾಯದೆ ಮೇಲಿನಿಂದ ಬಂತು, ಹೇರವಾಡದ ಮಾತು ಒಳಗಿನಿಂದ ಬಂತು. ಗಡಹಿಂಗ್ಲಜದ ಪರಿಷತ್ತಿನಿಂದ, ನಿಪ್ಪಾಣಿಯ ಹೋರಾಟದಿಂದ ನಾವು ತಿಳಿದದ್ದೂ ಇದನ್ನೇ. ನೋವು ಉಂಡವಳು ಎದ್ದು ನಿಂತ ಮೇಲೆಯೇ ಕಾಗದದ ಮೇಲಿನ ಅಕ್ಷರಕ್ಕೆ ಜೀವ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕಹಿಯಾದದ್ದನ್ನೂ ಹೇಳಬೇಕು. ಕಬ್ಬು, ಹಾಲು, ಬಟ್ಟೆಗಳಿಂದ ಕೊಲ್ಲಾಪುರ ಜಿಲ್ಲೆ ಸಿರಿವಂತವಾಯಿತು. ಆದರೆ 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇಲ್ಲಿ 839 ಹೆಣ್ಣುಮಕ್ಕಳಿದ್ದರು. ಪ್ರಕೃತಿಯ ಲೆಕ್ಕದಂತೆ ಸುಮಾರು 950 ಇರಬೇಕು. ಉಳಿದವರು ಎಲ್ಲಿ ಹೋದರೆಂದು ಬೇರೆ ಹೇಳಬೇಕಾಗಿಲ್ಲ. ಭ್ರೂಣದ ಲಿಂಗ ಪರೀಕ್ಷೆಯನ್ನು 1994ರ ಕಾಯದೆ ನಿಷೇಧಿಸಿತ್ತು. 2010ರ ಸುಮಾರಿಗೆ ಜಿಲ್ಲಾಧಿಕಾರಿ ಲಕ್ಷ್ಮೀಕಾಂತ ದೇಶಮುಖರು ಸೋನೋಗ್ರಾಫಿ ಯಂತ್ರಗಳಿಗೆ 'ಸೈಲೆಂಟ್ ಅಬ್ಸರ್ವರ್' ಎಂಬ ಉಪಕರಣ ಕೂಡಿಸಿ, ನಡೆದ ಪ್ರತಿ ಪರೀಕ್ಷೆಯ ದಾಖಲೆ ಉಳಿಯುವಂತೆ ಮಾಡಿದರು. 2011ರ ಗಣತಿಯಲ್ಲಿ ಆ ಸಂಖ್ಯೆ 863ಕ್ಕೆ ಏರಿತು. ಏರಿತೆಂದು ಸಂತೋಷಪಡಬೇಕೋ, ಇಷ್ಟೇ ಏರಿತೆಂದು ವ್ಯಥೆಪಡಬೇಕೋ! ಹಸಿವಿದ್ದಲ್ಲಿ ಹೆಣ್ಣು ಬೇಡವಾಗುತ್ತಾಳೆ ಎಂಬುದು ಹಳೆಯ ತಿಳುವಳಿಕೆ. ಹೊಲ, ಬಂಗಲೆ, ಹಣ ಇದ್ದಲ್ಲಿಯೂ ಬೇಡವಾದಳು ಎಂಬುದು ನಮ್ಮ ಜಿಲ್ಲೆ ತೋರಿಸಿದ ಸತ್ಯ. ಅದೇ 2010ರಲ್ಲಿ ಕೊಲ್ಲಾಪುರದ ತೇಜಸ್ವಿನಿ ಸಾವಂತ ಜರ್ಮನಿಯ ಮ್ಯೂನಿಕ್‌ನಲ್ಲಿ ರೈಫಲ್ ಗುರಿ ಹೊಡೆಯುವುದರಲ್ಲಿ ಜಗತ್ತಿಗೇ ಮೊದಲಿಗಳಾದಳು. ಊರಲ್ಲಿ ಮೆರವಣಿಗೆಯೂ ಆಯಿತು, ಗುಲಾಲೂ ಹಾರಿತು.

ಗಂಡುಹುಡುಗರು ಇದು ತಮ್ಮ ವಿಷಯವಲ್ಲ ಎಂದು ಪುಟ ತಿರುವಬಾರದು. ಅಳಬಾರದು, ಅಂಜಬಾರದು, ಹದಿನೆಂಟಕ್ಕೇ ಮನೆಯ ಸಾಲವನ್ನೆಲ್ಲ ಹೆಗಲ ಮೇಲೆ ಹೊರಬೇಕು ಎಂಬ ಕಟ್ಟಳೆಯನ್ನು ನಿಮಗೆ ಹಾಕಿದ್ದೂ ಅದೇ ರೂಢಿ. ಅಕ್ಕನಿಗೆ ಆಸ್ತಿಯಲ್ಲಿ ಪಾಲು ಎಂದರೆ ತಮ್ಮನ ಮುಖ ಸಣ್ಣದಾಗುತ್ತದೆ. ಮಹಾರಾಷ್ಟ್ರದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತಲಾಠಿಯ ಕಚೇರಿಯಲ್ಲಿ ಹಕ್ಕುಬಿಡುವ ಪತ್ರಕ್ಕೆ ಅಕ್ಕನ ಸಹಿ ಮಾಡಿಸಿ, ಅವಳಿಗೊಂದು ಸೀರೆ ಉಡಿಸಿ ಕಳುಹಿಸುವ ಪದ್ಧತಿಯೂ ಇದೆ. ಅವಳು ಪ್ರೀತಿಯಿಂದ ಬಿಟ್ಟಳೋ, ತವರಿನ ಬಾಗಿಲು ಮುಚ್ಚೀತೆಂದು ಅಂಜಿ ಬಿಟ್ಟಳೋ ಎಂದು ಕೇಳಿದವರನ್ನು ನಾವು ಕಂಡದ್ದು ಕಡಿಮೆ.

ನಮ್ಮ ಶಾಲೆಯ ಆಮಂತ್ರಣದ ಚೀಟಿ ಈಗ ಬದಲಾಗಿದೆ. 'ಎಲ್ಲ ತಾಯಂದಿರು' ಎಂದು ಅಚ್ಚು ಹಾಕಿಸುತ್ತೇವೆ. ಮೊದಲ ವರ್ಷ ಬಂದ ವಿಧವೆಯರು ಇಬ್ಬರೇ. ಹಿಂದಿನ ಸಾಲಿನಲ್ಲಿ ಕುಳಿತರು, ಎಳ್ಳು-ಬೆಲ್ಲ ತೆಗೆದುಕೊಂಡರು, ಕುಂಕುಮದ ತಟ್ಟೆ ಬಂದಾಗ ಒಬ್ಬರು ಹಚ್ಚಿಕೊಂಡರು, ಇನ್ನೊಬ್ಬರು ಕೈಮುಗಿದು ಬೇಡವೆಂದರು. ಎರಡಕ್ಕೂ ನಾವು ಏನೂ ಅನ್ನಲಿಲ್ಲ. ಹಚ್ಚಿಕೊಳ್ಳುವುದೂ ಬಿಡುವುದೂ ಅವರವರ ಮನಸ್ಸಿನದು. ಕುಂಕುಮ ಹಚ್ಚಿಕೊಳ್ಳಲೇಬೇಕೆಂದು ಒತ್ತಾಯಿಸಿದರೆ ನಾವೂ ಹಳಬರ ಹಾಗೆಯೇ ಆದೇವು.

ಇನ್ನೊಂದು ಬದಲಾವಣೆ ಸರಕಾರದಿಂದ ಬಂದಿದೆ. 2024ರ ಮೇ 1ರಿಂದ ಮಹಾರಾಷ್ಟ್ರದಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ದಾಖಲೆಗಳಲ್ಲಿ ಮೊದಲು ಮಗುವಿನ ಹೆಸರು, ಆಮೇಲೆ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂದು ಬರೆಯಬೇಕು. ಆ ಮಕ್ಕಳು ನಮ್ಮ ಹೈಸ್ಕೂಲಿಗೆ ಬರಲು ಇನ್ನೂ ಹತ್ತಾರು ವರ್ಷ ಬೇಕು. ಅಲ್ಲಿಯ ವರೆಗೆ ನಮ್ಮ ಪ್ರವೇಶದ ಅರ್ಜಿಯಲ್ಲಿ ತಾಯಿಯ ಹೆಸರಿನ ಮುಂದೆ 'ಉದ್ಯೋಗ' ಎಂಬಲ್ಲಿ ಹೆಚ್ಚಿನ ಪಾಲಕರು 'ಏನೂ ಇಲ್ಲ' ಎಂದೇ ಬರೆಯುತ್ತಾರೆ. ನಸುಕಿನಲ್ಲಿ ಎದ್ದು ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ, ಬುತ್ತಿ ಕಟ್ಟಿ, ಹೊಲದ ಕಳೆ ತೆಗೆದು, ರಾತ್ರಿ ಕಾಂಡಿ ಸುತ್ತುವವಳ ಉದ್ಯೋಗ 'ಏನೂ ಇಲ್ಲ'! ಈ ಜೂನ್ ತಿಂಗಳಲ್ಲಿ ಎಂಟನೆಯ ವರ್ಗಕ್ಕೆ ಮಗನ ಹೆಸರು ಹಚ್ಚಲು ಬಂದ ಒಬ್ಬ ಪಾಲಕರು ಹಾಗೆಯೇ ಬರೆದುಕೊಟ್ಟಿದ್ದರು. ಅರ್ಜಿ ನಮ್ಮ ಕೈಗೆ ಬರುವ ಮೊದಲು ಹುಡುಗ ಅದನ್ನು ತಿರುಗಿ ಕೇಳಿ ಪಡೆದು, ಅದನ್ನು ಹೊಡೆದುಹಾಕಿ, ತನ್ನ ವಕ್ರ ಅಕ್ಷರದಲ್ಲಿ 'ಎಮ್ಮೆ ಮೂರು, ಕಾಂಡಿ' ಎಂದು ಬರೆದ. ತಂದೆ ನಕ್ಕು ಸುಮ್ಮನಾದರು. ಆ ಅರ್ಜಿಯನ್ನು ನಾವು ಹಾಗೆಯೇ ಫೈಲಿಗೆ ಹಚ್ಚಿದ್ದೇವೆ.